ಜೀವಂತ ಗುಳಿಗೆ ಮಾರಿದ ವರ್ಷಗಳು

ಔಷಧ ಕಂಪನಿಯ ಪ್ರತಿನಿಧಿಯ ಕೆಲಸದಲ್ಲಿ ಮುಕ್ಕಾಲು ಪಾಲು ಕಾಯುವುದೇ ಇರುತ್ತದೆ. ಈ ಕೆಲಸಕ್ಕೆ ಹೊಸದಾಗಿ ಬರುವ ಹುಡುಗ ಹುಡುಗಿಯರಿಗೆ ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಟೈ ಕಟ್ಟಿಕೊಳ್ಳುವುದನ್ನು ಕಲಿಸುತ್ತಾರೆ, ಡಾಕ್ಟರ ಮುಂದೆ ಎರಡು ನಿಮಿಷದಲ್ಲಿ ಒಪ್ಪಿಸಬೇಕಾದ ಪಾಠವನ್ನು ಬಾಯಿಪಾಠ ಮಾಡಿಸುತ್ತಾರೆ. ಆ ಎರಡು ನಿಮಿಷಕ್ಕಾಗಿ ದವಾಖಾನೆಯ ಬೆಂಚಿನ ಮೇಲೆ, ಕೆಮ್ಮುವವರ ಮತ್ತು ಅಳುವ ಕೂಸುಗಳ ನಡುವೆ ಕುಳಿತು ಕಳೆಯಬೇಕಾದ ಹೊತ್ತಿನ ಬಗ್ಗೆ ಮಾತ್ರ ಸುಮ್ಮನಿರುತ್ತಾರೆ. ನನಗೆ ಗೊತ್ತಿರುವ ವಿದ್ಯೆಯೆಲ್ಲ ಆ ಬೆಂಚಿನ ಮೇಲೆ ಬಂದದ್ದು. ಹಾಗಾಗಿ ಅದನ್ನು ಬೇಸರದ ಜಾಗ ಎನ್ನಲು ನನಗೆ ಮನಸ್ಸಿಲ್ಲ.

ನನ್ನ ಮನೆ ಹಾನಗಲ್ಲಿನಲ್ಲಿ. ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕು ತಾಲೂಕುಗಳು ನನ್ನ ಸುತ್ತು. ಒಂದು ಬೈಕು, ಒಂದು ಕರೀ ಚರ್ಮದ ಬ್ಯಾಗು, ಬ್ಯಾಗಿನಲ್ಲಿ ಸ್ಯಾಂಪಲ್ ಗುಳಿಗೆಗಳು. ಮೊದಲ ಹಲವು ವರ್ಷ ನಾನು ಮಾರಿದ್ದು ಆಂಟಿಬಯೋಟಿಕ್ ಮಾತ್ರ. ಅದನ್ನು ಮಾರುವುದಕ್ಕೆ ಕಷ್ಟವೇ ಇರಲಿಲ್ಲ. ಜನರೇ ಡಾಕ್ಟರ ಮುಂದೆ ಕುಳಿತು ‘ಪಾವರ್ ಇದ್ದ ಗುಳಿಗಿ ಕೊಡ್ರಿ’ ಎಂದು ಕೇಳುತ್ತಿದ್ದರು. ನೆಗಡಿಗೂ ಪಾವರ್, ಮೈಕೈ ನೋವಿಗೂ ಪಾವರ್. ಕ್ರಿಮಿ ಎಂದರೆ ವೈರಿ, ವೈರಿಯನ್ನು ಕೊಲ್ಲುವುದೇ ಔಷಧ ಎಂದು ಅವರೂ ನಂಬಿದ್ದರು, ನಾನೂ ನಂಬಿದ್ದೆ.

ಒಂದು ದಿನ ಹುಬ್ಬಳ್ಳಿಯ ಹೋಟೆಲೊಂದರಲ್ಲಿ ಮೀಟಿಂಗ್ ಕರೆದರು. ನಮ್ಮ ಮ್ಯಾನೇಜರು ಜೋಶಿ ಸಾಹೇಬರು. ಎತ್ತರದ ಆಳು, ದೊಡ್ಡ ಗಂಟಲು, ಒಳಗೆ ಬೆಣ್ಣೆಯಂಥ ಮನುಷ್ಯ. ಪರದೆಯ ಮೇಲೆ ಮನುಷ್ಯನ ಕರುಳಿನ ಚಿತ್ರ ತೋರಿಸಿ, ಈ ಕರುಳಿನೊಳಗೆ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳು ವಾಸವಾಗಿವೆ, ಅವುಗಳಲ್ಲಿ ಬಹಳಷ್ಟು ನಮ್ಮ ಬಂಧುಗಳು ಎಂದರು. ನಮಗೆ ಅರಗದ ನಾರನ್ನು ಅವು ಅರಗಿಸುತ್ತವೆ, ಒಂದೆರಡು ವಿಟಮಿನ್ನುಗಳನ್ನು ತಾವೇ ತಯಾರಿಸಿ ಕೊಡುತ್ತವೆ, ಕೆಟ್ಟ ಕ್ರಿಮಿಗಳಿಗೆ ಕೂರಲು ಜಾಗ ಬಿಡುವುದಿಲ್ಲ. ಮೈಯ ಕಾವಲು ಪಡೆಗೆ ಯಾರು ಮಿತ್ರ, ಯಾರು ಶತ್ರು ಎಂದು ಪಾಠ ಹೇಳುವುದೂ ಅವೇ. ಆಂಟಿಬಯೋಟಿಕ್ ನುಂಗಿದಾಗ ಕೆಟ್ಟವುಗಳ ಜೊತೆ ಈ ಬಂಧುಗಳೂ ಸಾಯುತ್ತವೆ, ಅದಕ್ಕೇ ಕೆಲವರಿಗೆ ಹೊಟ್ಟೆ ಕೆಡುತ್ತದೆ. ಆದ್ದರಿಂದ ಕಂಪನಿ ಈಗ ಜೀವಂತ ಬ್ಯಾಕ್ಟೀರಿಯಾ ತುಂಬಿದ ಕ್ಯಾಪ್ಸೂಲು ತಂದಿದೆ, ನಾವು ಅದನ್ನು ಮಾರಬೇಕು.

ಪಕ್ಕದಲ್ಲಿದ್ದ ಗೆಳೆಯ ನನ್ನ ಕಿವಿಯಲ್ಲಿ, ಕೊಲ್ಲುವ ಗುಳಿಗೆಯೂ ನಮ್ಮದೇ, ಬದುಕಿಸುವ ಗುಳಿಗೆಯೂ ನಮ್ಮದೇ, ಇನ್ನು ನಮಗೆ ಕೆಲಸ ತಪ್ಪಿದ್ದಲ್ಲ ಎಂದ. ಇಬ್ಬರೂ ನಕ್ಕು ಸಾಹೇಬರ ಕೈಯಲ್ಲಿ ಬೈಸಿಕೊಂಡೆವು.

ನಗುವ ಸರದಿ ಮುಂದೆ ಡಾಕ್ಟರುಗಳದ್ದಾಯಿತು. ಹಾನಗಲ್ಲಿನ ಒಬ್ಬ ಡಾಕ್ಟರು, ಇಷ್ಟು ದಿನ ಹುಳ ಸಾಯಲು ಔಷಧ ತರುತ್ತಿದ್ದವ ಇವತ್ತು ಹುಳವನ್ನೇ ತಂದಿದ್ದಾನೆ ಎಂದು ರೋಗಿಗಳಿಗೆಲ್ಲ ಕೇಳುವಂತೆ ಹೇಳಿದರು. ಹಿರೇಕೆರೂರಿನಲ್ಲಿ ಇನ್ನೂ ಮಜಾ ಆಯಿತು. ಅಲ್ಲಿಯ ಡಾಕ್ಟರು ದೊಡ್ಡ ಮನಸ್ಸು ಮಾಡಿ ಒಬ್ಬ ಅಜ್ಜಿಗೆ ನಮ್ಮ ಕ್ಯಾಪ್ಸೂಲು ಬರೆದುಕೊಟ್ಟು, ಇದರಲ್ಲಿ ಜೀವ ಇದೆ ಎಂದು ಬಾಯಿತಪ್ಪಿ ಹೇಳಿಬಿಟ್ಟಿದ್ದರು. ಅಜ್ಜಿ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಜೀವ ಇದ್ದದ್ದನ್ನು ನುಂಗುವುದಿಲ್ಲವೆಂದು ಚೀಟಿಯನ್ನು ವಾಪಸು ಮೇಜಿನ ಮೇಲಿಟ್ಟಳು. ಬೆಂಚಿನ ಮೇಲಿದ್ದ ನನ್ನನ್ನು ಡಾಕ್ಟರು ಒಳಗೆ ಕರೆದು, ನೀನೇ ತಿಳಿಸಿ ಹೇಳು ಎಂದರು. ನಾನು ಬಹಳ ಜಾಣನಂತೆ, ಮೊಸರಿನಲ್ಲಿಯೂ ಇಂಥದೇ ಜೀವ ಇರುತ್ತದೆ, ನೀವು ದಿನಾ ಮೊಸರು ಉಣ್ಣುವುದಿಲ್ಲವೇ ಎಂದು ಕೇಳಿದೆ.

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಮೊಸರು ನಮ್ಮ ಮನೀದಪ್ಪಾ. ನಮ್ಮ ಆಕಳ ಹಾಲು, ನಮ್ಮತ್ತಿ ಕಾಲದ ಹೆಪ್ಪು. ಈ ನಿನ್ನ ಗುಳಿಗ್ಯಾಗಿಂದು ಯಾರ ಮನೀದು?”

ಡಾಕ್ಟರು ಚೀಟಿಯ ಮೇಲೆ ಗೀಟು ಹಾಕಿ, ಹಾಗಿದ್ದರೆ ಮಜ್ಜಿಗೆಯನ್ನೇ ಕುಡಿ ಎಂದು ಕಳಿಸಿದರು. ಆ ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತ ಯೋಚಿಸಿದಾಗ, ಅಜ್ಜಿ ಕೇಳಿದ್ದು ತಪ್ಪೇನಲ್ಲ ಎನ್ನಿಸಿತು. ಯಾವ ಜಾತಿಯ ಬ್ಯಾಕ್ಟೀರಿಯಾ, ಎಲ್ಲಿಂದ ತಂದದ್ದು, ಯಾವ ಕಾಯಿಲೆಗೆ ಅದರಿಂದ ನಿಜವಾಗಿ ಉಪಯೋಗವಿದೆ, ಯಾವುದಕ್ಕಿಲ್ಲ? ಅಲ್ಲಿಂದಾಚೆಗೆ ಪ್ರತಿ ಮೀಟಿಂಗಿನಲ್ಲಿ ನಾನು ಇದನ್ನೇ ಕೇಳತೊಡಗಿದೆ. ಜೋಶಿ ಸಾಹೇಬರು ನನ್ನ ಕೈ ಮೇಲೇರಿದ್ದು ಕಂಡ ಕೂಡಲೆ ಟೀ ಬ್ರೇಕ್ ಎಂದುಬಿಡುತ್ತಿದ್ದರು.

ಸವಣೂರಿನ ಡಾಕ್ಟರ್ ಮಕಾಂದಾರರನ್ನು ಕುರಿತು ಹೇಳದೆ ಮುಂದೆ ಹೋಗುವಂತಿಲ್ಲ. ಕಿರಿದಾದ ಗಲ್ಲಿಯಲ್ಲಿ ಅವರ ದವಾಖಾನೆ. ಮಗ್ಗುಲಲ್ಲೇ ಸೇವಿನಂಥ ಕುರುಕಲು ಖಾರ ಕರಿಯುವ ಅಂಗಡಿ, ಹೀಗಾಗಿ ಡೆಟ್ಟಾಲಿನ ವಾಸನೆಯ ಜೊತೆ ಕರಿದ ಎಣ್ಣೆಯ ವಾಸನೆ ಸದಾ ಬೆರೆತಿರುತ್ತಿತ್ತು. ಅನಗತ್ಯವಾಗಿ ಒಂದು ಗುಳಿಗೆಯನ್ನೂ ಬರೆಯದ ಮನುಷ್ಯ, ಅಂದರೆ ನಮ್ಮಂಥವರ ಪಾಲಿಗೆ ಕಲ್ಲುಬಂಡೆ. ಕಂಪನಿಯ ಟಾರ್ಗೆಟ್ ಮುಟ್ಟದಿದ್ದರೆ ಅದಕ್ಕೆ ಸವಣೂರೇ ಕಾರಣ ಎಂದು ಸಾಹೇಬರು ನಂಬಿದ್ದರು. ಒಮ್ಮೆ, ಕಡುಬೇಸಿಗೆಯಲ್ಲಿ, ತಾವೇ ನನ್ನ ಜೊತೆ ಹೊರಟರು.

ಮಕಾಂದಾರರು ಸಾಹೇಬರ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಒಂದು ಕ್ಯಾಪ್ಸೂಲು ಕೈಗೆತ್ತಿಕೊಂಡು, ಇದರಲ್ಲಿರುವುದು ಹಾಲನ್ನು ಹುಳಿ ಮಾಡುವ ಜಾತಿಯೇ ಅಲ್ಲವೇ ಎಂದು ಕೇಳಿದರು. ಸಾಹೇಬರು ಹೌದೆಂದರು. ಡಾಕ್ಟರು ಮನೆಯೊಳಗಿಂದ ಉಗುರುಬೆಚ್ಚಗಿನ ಹಾಲು ತರಿಸಿ, ಕ್ಯಾಪ್ಸೂಲನ್ನು ಒಡೆದು ಪುಡಿಯನ್ನು ಹಾಲಿಗೆ ಹಾಕಿ, ಬಟ್ಟಲಿನ ಮೇಲೆ ತಟ್ಟೆ ಮುಚ್ಚಿದರು. “ಜೀವ ಇದ್ರ ನಾಳೆ ಮೊಸರಾಗತೈತಿ. ನಾಳೆ ಬರ್ರಿ,” ಎಂದರು.

ಸಾಹೇಬರು ಆ ಮಧ್ಯಾಹ್ನ ಖಾರ ಕೊಂಡು ಖುಷಿಯಾಗಿ ತಿಂದರು. ಮರುದಿನ ನಾವು ಹೋದಾಗ ಡಾಕ್ಟರು ತಟ್ಟೆ ತೆಗೆದರು. ಹಾಲು ಹಾಲಾಗಿಯೇ ಇತ್ತು, ವಾಸನೆ ಬರಲು ಆಗಷ್ಟೇ ಶುರುವಾಗಿತ್ತು. ಸಾಹೇಬರ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಮಕಾಂದಾರರು ಮಾತ್ರ ಬೈಯಲಿಲ್ಲ. ಸತ್ತವುಗಳನ್ನು ನನ್ನ ರೋಗಿಗಳಿಗೆ ಹೇಗೆ ಕೊಡಲಿ, ನೀವೇ ಹೇಳಿ ಎಂದು ಬಹಳ ಮರ್ಯಾದೆಯಿಂದ ಕೇಳಿದರು.

ಬೇರೆ ಮ್ಯಾನೇಜರಾಗಿದ್ದರೆ ಈ ಡಾಕ್ಟರ ಹೆಸರನ್ನೇ ಹೊಡೆದು ಹಾಕು ಎನ್ನುತ್ತಿದ್ದರು. ಜೋಶಿ ಸಾಹೇಬರು ನನ್ನ ಬೈಕಿನ ಹಿಂದೆ ಕುಳಿತು, ಮಾಲು ಎಲ್ಲಿ ಸತ್ತಿತು ಎಂದು ಹುಡುಕೋಣ ನಡೆ ಎಂದರು. ಶಿಗ್ಗಾಂವಿಯಲ್ಲಿ ನಮ್ಮ ಮಾಲು ಇಳಿಯುತ್ತಿದ್ದ ಔಷಧ ಅಂಗಡಿಗೆ ಹೋದೆವು. ಅಂಗಡಿಯ ಹಿಂದೆ ತಗಡಿನ ಶೆಡ್ಡು. ಒಳಗೆ ಕಾಲಿಟ್ಟರೆ ರೊಟ್ಟಿ ಬೇಯುವಷ್ಟು ಝಳ. ತಂಪಿನಲ್ಲಿಡಬೇಕು ಎಂದು ಬರೆದಿದ್ದ ನಮ್ಮ ಡಬ್ಬಿಗಳು ಬಿಸಿ ತಗಡಿಗೆ ಬೆನ್ನು ಕೊಟ್ಟು ಕುಳಿತಿದ್ದವು. ಅಂಗಡಿಯವನಿಗೆ ಫ್ರಿಜ್ಜಿನ ವಿಷಯ ಯಾರೂ ಹೇಳಿರಲಿಲ್ಲ, ಉಳಿದ ಗುಳಿಗೆಗಳೆಲ್ಲ ಆ ಶೆಡ್ಡಿನಲ್ಲಿ ಸುಖವಾಗಿಯೇ ಇದ್ದವು. ಸಾಹೇಬರು ಆ ಡಬ್ಬಿಗಳನ್ನೆಲ್ಲ ಹೊರಗೆ ತೆಗೆಸಿದರು. ಮೇಲಿನವರಿಂದ ಬೈಸಿಕೊಂಡರು ಕೂಡ, ಆದರೆ ಒಂದನ್ನೂ ಮಾರಲು ಬಿಡಲಿಲ್ಲ.

ಅವತ್ತಿನಿಂದ ನನ್ನ ಬೈಕಿಗೆ ಒಂದು ಥರ್ಮಾಕೋಲ್ ಡಬ್ಬಿ ಏರಿತು. ಐಸ್‌ಕ್ಯಾಂಡಿ ಅಂಗಡಿಯಿಂದ ಬರ್ಫದ ತುಂಡು ತಂದು ಅದರಲ್ಲಿ ಹಾಕಿ, ನಡುವೆ ಸ್ಯಾಂಪಲ್ ಇಟ್ಟುಕೊಂಡು ಹೊರಡುತ್ತಿದ್ದೆ. ಹಳ್ಳಿಗಳಲ್ಲಿ ಬೈಕು ನಿಲ್ಲಿಸಿದರೆ ಮಕ್ಕಳು ಸುತ್ತುಗಟ್ಟಿ ಕ್ಯಾಂಡಿ ಕೇಳುತ್ತಿದ್ದವು. ಮಳೆಗಾಲ ಕಳೆದ ಮೇಲೆ ಹೊಸ ಮಾಲು ತೆಗೆದುಕೊಂಡು ಸವಣೂರಿಗೆ ಹೋದೆ. ಮಕಾಂದಾರರು ಮತ್ತೆ ಹಾಲು ತರಿಸಿದರು. ಮರುದಿನ ನಾನು ದವಾಖಾನೆ ಮುಟ್ಟುವ ಹೊತ್ತಿಗೆ ಬಟ್ಟಲಿನಲ್ಲಿ ಮೊಸರು ಗಟ್ಟಿಯಾಗಿ ನಿಂತಿತ್ತು. ಡಾಕ್ಟರು ಚಮಚದಲ್ಲಿ ಎತ್ತಿ ತಿಂದು, ನನಗೂ ಕೊಟ್ಟರು. ಬಾಯಿ ಕಿವುಚುವಷ್ಟು ಹುಳಿ ಇತ್ತು.

ಅವರು ಚೀಟಿಯಲ್ಲಿ ನಮ್ಮ ಕ್ಯಾಪ್ಸೂಲು ಬರೆಯತೊಡಗಿದ್ದು ಆಮೇಲೆ, ಅದೂ ಕೈ ಬಿಗಿಹಿಡಿದು. ಆಂಟಿಬಯೋಟಿಕ್ ಕೊಡಲೇಬೇಕಾದ ರೋಗಿಗಳಲ್ಲಿ ಕೆಲವರಿಗೆ ಮಾತ್ರ. ಎರಡನ್ನೂ ಒಟ್ಟಿಗೆ ನುಂಗಬೇಡಿ, ನಡುವೆ ಅಂತರ ಬಿಡಿ, ಇಲ್ಲವಾದರೆ ಅದು ಇದನ್ನು ಕೊಲ್ಲುತ್ತದೆ ಎಂದು ತಾವೇ ತಿಳಿಸಿ ಹೇಳುತ್ತಿದ್ದರು. ತೀರಾ ಸೋತ ಜೀವಗಳಿಗೆ, ದಿನ ತುಂಬದೆ ಹುಟ್ಟಿದ ಕೂಸುಗಳಿಗೆ ತಾವಾಗಿ ಕೊಡುತ್ತಿರಲಿಲ್ಲ. ಜೀವ ಇದ್ದ ವಸ್ತು ಒಳ್ಳೆಯದಾದರೂ ಅದಕ್ಕೂ ಜಾಗ ನೋಡಬೇಕು ಎನ್ನುತ್ತಿದ್ದರು.

ವರ್ಷಗಳು ಹೋದಂತೆ ಕೆಲಸದ ರೀತಿ ಬದಲಾಯಿತು. ಬಿಸಿಲು ತಡೆಯುವ ಬ್ಯಾಕ್ಟೀರಿಯಾಗಳು ಬಂದವು. ಬೀಜದಂತೆ ಗಟ್ಟಿ ಸಿಪ್ಪೆಯೊಳಗೆ ಮಲಗಿದ್ದು ಹೊಟ್ಟೆಗೆ ಹೋದ ಮೇಲೆ ಏಳುವಂಥವು. ನನ್ನ ಥರ್ಮಾಕೋಲ್ ಡಬ್ಬಿ ಮನೆಯ ಅಟ್ಟ ಸೇರಿತು. ಡಾಕ್ಟರಿಗೆ ತೋರಿಸುತ್ತಿದ್ದ ಚಿತ್ರದ ಪುಸ್ತಕ ಹೋಗಿ ಕೈಯಲ್ಲಿ ಹಿಡಿಯುವ ಪರದೆ ಬಂತು. ಆಮೇಲೆ ಫೋನಿನಲ್ಲೇ ನಾವು ಎಲ್ಲಿದ್ದೇವೆಂದು ಮೇಲಿನವರಿಗೆ ಕಾಣತೊಡಗಿತು. ಒಮ್ಮೆ ಹೊಸ ಮ್ಯಾನೇಜರೊಬ್ಬರು ಫೋನ್ ಮಾಡಿ, ನೀವು ಇಷ್ಟು ಹೊತ್ತಿನಿಂದ ಮಠದ ಮುಂದೆ ಏಕೆ ನಿಂತಿದ್ದೀರಿ ಎಂದು ಕೇಳಿದರು. ಮಠದ ಎದುರಿಗೇ ಡಾಕ್ಟರ ಮನೆ, ಅವರು ಸ್ನಾನಕ್ಕೆ ಹೋಗಿದ್ದಾರೆ ಎಂದೆ. ಅದಕ್ಕೆ ಫೋನಿನಲ್ಲಿ ಕಾಲಂ ಇಲ್ಲವೆಂದರು.

ನಿವೃತ್ತಿಗೆ ಸ್ವಲ್ಪ ಸಮಯ ಉಳಿದಿರುವಾಗ ಈ ವಿದ್ಯೆಯೆಲ್ಲ ನನ್ನ ಮನೆಯೊಳಗೇ ಪರೀಕ್ಷೆಗೆ ಬಂತು.

ನನ್ನ ಹೆಂಡತಿ ಗಿರಿಜಾ ಹಿತ್ತಿಲಲ್ಲಿ ಜಾರಿ ಬಿದ್ದು ಕಾಲಿಗೆ ಗಾಯ ಮಾಡಿಕೊಂಡಳು. ಗಾಯ ಕೀವಾಯಿತು, ಜ್ವರ ಏರಿತು. ಹುಬ್ಬಳ್ಳಿಗೆ ಸೇರಿಸಿದೆವು. ದೊಡ್ಡ ದೊಡ್ಡ ಆಂಟಿಬಯೋಟಿಕ್ ಕೊಟ್ಟರು. ಕೊಡದಿದ್ದರೆ ಕಾಲು ಉಳಿಯುತ್ತಿರಲಿಲ್ಲ, ಅದರಲ್ಲಿ ಸಂಶಯವಿಲ್ಲ. ಕಾಲು ವಾಸಿಯಾಗಿ ಮನೆಗೆ ಬಂದಳು, ಆದರೆ ಹೊಟ್ಟೆ ಕಿತ್ತುಕೊಂಡಿತು. ತಿಂದದ್ದು ನಿಲ್ಲದು, ನೀರೂ ನಿಲ್ಲದು. ನಾನು ನನ್ನ ಬ್ಯಾಗಿನಲ್ಲಿದ್ದ ಕ್ಯಾಪ್ಸೂಲುಗಳನ್ನೇ ಕೊಟ್ಟೆ. ಇಷ್ಟು ವರ್ಷ ಹೊಗಳಿದ ಸರಕು, ಮನೆಯವಳಿಗೆ ಕೆಲಸ ಮಾಡದೇ ಇದ್ದೀತೇ ಎಂಬ ಧೈರ್ಯ. ಅದು ಏನೂ ಮಾಡಲಿಲ್ಲ. ಗಿರಿಜಾ ಗೋಡೆ ಹಿಡಿದು ನಡೆಯುವಷ್ಟು ಸೊರಗಿದಳು.

ಮಕಾಂದಾರರಿಗೆ ಆಗ ವಯಸ್ಸಾಗಿತ್ತು. ಫೋನ್ ಮಾಡಿದ್ದಕ್ಕೆ ಮಗನ ಕಾರಿನಲ್ಲಿ ಹಾನಗಲ್ಲಿಗೇ ಬಂದರು. ಗಿರಿಜಾಳನ್ನು ನೋಡಿ, ನನ್ನನ್ನು ಪಡಸಾಲೆಗೆ ಕರೆದುಕೊಂಡು ಬಂದು ಹೇಳಿದರು:

“ಈರಣ್ಣ, ಹೊಲದಾಗಿನ ಬೆಳಿ ಎಲ್ಲಾ ಕಿತ್ತಮ್ಯಾಲ ಅಲ್ಲಿ ಕರಕಿ ಬೆಳೀತೈತಿ. ಕರಕಿ ಬೇರ ಬಿಟ್ಟಮ್ಯಾಲ ನೀ ಒಂದು ಮುಷ್ಟಿ ಜ್ವಾಳ ಚೆಲ್ಲಿದ್ರ ಏನಾಗತೈತಿ? ಮೊದ್ಲ ಯಾವ ಕಸ ಅಂತ ನೋಡೋಣು.”

ಪರೀಕ್ಷೆ ಮಾಡಿಸಿದಾಗ, ಖಾಲಿಯಾದ ಕರುಳಿನಲ್ಲಿ ಒಂದು ಹಟಮಾರಿ ಬ್ಯಾಕ್ಟೀರಿಯಾ ಮನೆ ಮಾಡಿದೆ ಎಂದು ಗೊತ್ತಾಯಿತು. ಅದಕ್ಕೇ ಬೇರೆ ಔಷಧ ಕೊಟ್ಟರು, ಭೇದಿ ನಿಂತಿತು. ಔಷಧ ಮುಗಿದ ಮೇಲೆ ಮರಳಿ ಬಂತು. ಮತ್ತೆ ಕೊಟ್ಟರು, ಮತ್ತೆ ಬಂತು. ಆಗ ಮಕಾಂದಾರರು ನಮ್ಮನ್ನು ಬೆಂಗಳೂರಿನ ಒಬ್ಬ ಹೊಟ್ಟೆಯ ತಜ್ಞರ ಹತ್ತಿರ ಕಳಿಸಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ನಿಧಾನ ಮಾತಿನವರು. ಅವರು ಹೇಳಿದ್ದು ಇಷ್ಟು: ಕ್ಯಾಪ್ಸೂಲಿನಲ್ಲಿ ಇರುವುದು ಒಂದೆರಡು ಜಾತಿ. ಆರೋಗ್ಯವಂತ ಮನುಷ್ಯನ ಕರುಳಿನಲ್ಲಿ ನೂರಾರು ಜಾತಿಗಳು ಒಟ್ಟಿಗೆ ಬಾಳುತ್ತವೆ. ಇವರಿಗೆ ಬೇಕಾದದ್ದು ಆ ಇಡೀ ಊರು. ಅದು ಸಿಗುವುದು ಇನ್ನೊಬ್ಬರ ಮಲದಲ್ಲಿ. ಅದನ್ನು ಪರೀಕ್ಷಿಸಿ, ಸೋಸಿ, ನಳಿಕೆಯ ಮೂಲಕ ಕರುಳಿಗೆ ಬಿಡುತ್ತೇವೆ. ಇವರೊಂದಿಗೆ ಒಂದೇ ಮನೆಯಲ್ಲಿರದ, ಐವತ್ತು ದಾಟದ, ಗಟ್ಟಿಮುಟ್ಟಾದ ಒಬ್ಬರು ಬೇಕು.

ಗಿರಿಜಾ ಗೋಡೆಯ ಕಡೆ ಮುಖ ತಿರುಗಿಸಿದಳು. ಅದೊಂದು ಬಿಟ್ಟು ಬೇರೆ ಏನಾದರೂ ಮಾಡಿ ಎಂದಳು. ಹಾನಗಲ್ಲಿಗೆ ಮರಳಿದ ಮೇಲೂ ಅದೇ ಹಟ. ಇನ್ನು ಕೊಡುವವರಾದರೂ ಯಾರು? ನಾನು ವಯಸ್ಸು ಮೀರಿದವನು, ಮೇಲೆ ಸಕ್ಕರೆ ಕಾಯಿಲೆ. ನಮಗೆ ಮಕ್ಕಳಿಲ್ಲ. ಬೇರೆ ಯಾರ ಬಳಿ ಹೋಗಿ ಏನೆಂದು ಕೇಳುವುದು? ಹಣ ಕೇಳಬಹುದು, ರಕ್ತ ಕೇಳಬಹುದು. ಇದನ್ನು ಕೇಳಲು ನನಗೆ ನಾಲಿಗೆ ಏಳಲಿಲ್ಲ. ಕೊನೆಗೆ ಅಬಲೂರಿನಲ್ಲಿ ಒಕ್ಕಲುತನ ಮಾಡಿಕೊಂಡಿರುವ ನನ್ನ ತಮ್ಮನಿಗೆ ಫೋನಿನಲ್ಲಿ ದುಃಖ ತೋಡಿಕೊಂಡೆ. ಕೇಳಬೇಕೆಂದಲ್ಲ, ಹೇಳಿಕೊಳ್ಳಬೇಕೆಂದು.

ಮರುದಿನ ಮೊದಲ ಬಸ್ಸಿಗೆ ಬಂದಿಳಿದವಳು ತಮ್ಮನ ಹೆಂಡತಿ ಪಾರವ್ವ. ಅವಳಿಗೂ ಗಿರಿಜಾಳಿಗೂ ಹಲವು ವರ್ಷಗಳಿಂದ ಮಾತಿರಲಿಲ್ಲ. ಒಂದು ಮದುವೆಯಲ್ಲಿ ಪಾರವ್ವ ಮಾಡಿದ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಗಿರಿಜಾ ನಾಲ್ಕು ಜನರ ಮುಂದೆ ಅಂದಿದ್ದಳಂತೆ, ಅಷ್ಟೇ ಕಾರಣ. ಪಾರವ್ವ ಚಪ್ಪಲಿ ಬಿಟ್ಟು ನೇರ ಒಳಗೆ ಹೋಗಿ ಮಂಚದ ಅಂಚಿಗೆ ಕುಳಿತಳು. ಗಿರಿಜಾಳ ಮೊಣಕೈಯನ್ನು ಮುಟ್ಟಿ ನೋಡಿ, ಎಷ್ಟು ಸಣ್ಣಗಾಗಿದ್ದೀರಿ ಎಂದಳು. ಆಮೇಲೆ ಗಂಡ ತನಗೆ ಎಲ್ಲವನ್ನೂ ಹೇಳಿದ್ದಾನೆ, ತಾನು ಕೊಡಲು ಬಂದಿದ್ದೇನೆ ಎಂದಳು.

ಗಿರಿಜಾ ಸೆರಗಿನಿಂದ ಮುಖ ಮುಚ್ಚಿಕೊಂಡಳು.

“ಅಕ್ಕಾರ, ಹ್ವಾದ ವರ್ಷ ನಮ್ಮ ಹಿರೇ ಎತ್ತು ಮೆಲಕ ಹಾಕೋದು ಬಿಟ್ಟಿತ್ತು,” ಎಂದಳು ಪಾರವ್ವ. “ದನದ ಡಾಕ್ಟರು ಬಂದು ಇನ್ನೊಂದು ಆಕಳ ಬಾಯಾಗಿನ ಮೆಲಕ ತಗದು ಇದರ ಬಾಯಾಗ ಇಟ್ರು. ಅದರ ಹೊಟ್ಯಾಗಿಂದು ಇದರ ಹೊಟ್ಟಿಗಿ ಹ್ವಾತು, ಎತ್ತು ಮೇವಿಗೆ ಬಾಯಿ ಹಾಕ್ತು. ಎತ್ತಿಗಿ ಇಲ್ಲದ ನಾಚಿಕಿ ನಿಮಗ್ಯಾಕ್ರಿ?”

ಸೆರಗಿನ ಒಳಗಿಂದಲೇ ಗಿರಿಜಾ ಕೇಳಿದಳು, “ನಾ ಎತ್ತೇನು?”

“ಎತ್ತಾಗಿದ್ರ ಇಷ್ಟೊತ್ತಿಗೆ ಎದ್ದು ಮೇಯಾಕ ಹೋಗಿರ್ತಿದ್ರಿ.”

ಗಿರಿಜಾ ಅಳುತ್ತಿದ್ದಾಳೋ ನಗುತ್ತಿದ್ದಾಳೋ ಬಾಗಿಲಲ್ಲಿ ನಿಂತ ನನಗೆ ತಿಳಿಯಲಿಲ್ಲ. ಸೆರಗು ತೆಗೆದಾಗ ಎರಡೂ ಇತ್ತು. ಅವತ್ತು ಪಾರವ್ವನೇ ಗಂಜಿ ಮಾಡಿದಳು.

ಮೂವರೂ ಬೆಂಗಳೂರಿಗೆ ಹೋದೆವು. ತಜ್ಞೆ ಪಾರವ್ವನನ್ನು ಕೂರಿಸಿಕೊಂಡು ಬಹಳ ಪ್ರಶ್ನೆ ಕೇಳಿದರು. ದಿನಾ ಏನು ಉಣ್ಣುತ್ತೀರಿ? ಜೋಳದ ರೊಟ್ಟಿ, ಕಾಳು ಪಲ್ಯ, ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ, ಮಜ್ಜಿಗೆ. ಆಂಟಿಬಯೋಟಿಕ್ ಗುಳಿಗೆ ಕೊನೆಗೆ ತೆಗೆದುಕೊಂಡದ್ದು ಯಾವಾಗ? ಪಾರವ್ವ ಬಹಳ ಹೊತ್ತು ಯೋಚಿಸಿ, ಮಗಳು ಹುಟ್ಟಿದಾಗ ಇರಬೇಕು ಎಂದಳು. ಆ ಮಗಳಿಗೆ ಮದುವೆಯಾಗಿತ್ತು. ತಜ್ಞೆ ಪೆನ್ನು ಕೆಳಗಿಟ್ಟು, ಇಂಥವರು ಸಿಗುವುದು ಕಷ್ಟ ಎಂದು ನನ್ನ ಕಡೆ ನೋಡಿದರು. ಪಾರವ್ವನ ಮುಖ ಬಹುಮಾನ ಬಂದವರಂತೆ ಅರಳಿತು. ಆದರೂ ಸುಮ್ಮನೆ ಒಪ್ಪಿಕೊಳ್ಳಲಿಲ್ಲ. ರಕ್ತ, ಮಲ ಎಲ್ಲ ಪರೀಕ್ಷೆಗೆ ಹೋದವು, ಫಲಿತಾಂಶ ಬರುವ ತನಕ ಕಾದೆವು. ಕಾಯುವುದರಲ್ಲಿ ನಾನು ಪಳಗಿದವನಾಗಿದ್ದರೂ ಆ ಬೆಂಚು ಮಾತ್ರ ಚುಚ್ಚುತ್ತಿತ್ತು.

ಎಲ್ಲ ಸರಿಯಾಗಿದೆ ಎಂದು ಗೊತ್ತಾದ ಮೇಲೆ, ಪಾರವ್ವ ಕೊಟ್ಟದ್ದನ್ನು ಗಿರಿಜಾಳ ಕರುಳಿಗೆ ಬಿಡಲು ಬಹಳ ಹೊತ್ತು ಬೇಕಾಗಲಿಲ್ಲ. ಆಮೇಲಿನ ದಿನಗಳಲ್ಲಿ ಗಿರಿಜಾ ನಿಧಾನವಾಗಿ ಚೇತರಿಸಿಕೊಂಡಳು. ಮೊದಲು ಹೊಟ್ಟೆಯಲ್ಲಿ ಗಂಜಿ ನಿಂತಿತು, ಆಮೇಲೆ ಅನ್ನ. ಒಂದು ಬೆಳಿಗ್ಗೆ ಅವಳು ತಾನೇ ಎದ್ದು ರೊಟ್ಟಿ ಬಡಿಯುವ ಸದ್ದನ್ನು ನಾನು ಹಾಸಿಗೆಯಲ್ಲೇ ಮಲಗಿ ಕೇಳಿಸಿಕೊಂಡೆ. ಚಹಾ ಕೊಡಲು ಬಂದವಳು, ನೀವು ಇಷ್ಟು ವರ್ಷ ಊರೂರು ತಿರುಗಿ ಮಾರಿದ್ದನ್ನು ಆಕೆ ಪುಕ್ಕಟೆ ಕೊಟ್ಟಳು ನೋಡಿ ಎಂದಳು. ಮಕಾಂದಾರರಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರು ಕೆಮ್ಮು ಬರುವಷ್ಟು ನಕ್ಕರು.

ಈ ಕೆಲಸಕ್ಕೆ ಬರುವವರಿಗೆ ನನ್ನ ಮಾತು ಇಷ್ಟೇ. ಕ್ಯಾಪ್ಸೂಲು ಮಾರಿ, ಅದು ತಪ್ಪಲ್ಲ. ಆದರೆ ಅದು ಎಲ್ಲಿ ಕೆಲಸ ಮಾಡುವುದಿಲ್ಲ ಎಂಬುದನ್ನೂ ಅಷ್ಟೇ ಚೆನ್ನಾಗಿ ತಿಳಿದುಕೊಂಡಿರಿ, ಮತ್ತು ಡಾಕ್ಟರು ಕೇಳಿದರೆ ಹೇಳಿ. ಅಂಥವರನ್ನು ಡಾಕ್ಟರುಗಳು ಬೆಂಚಿನಿಂದ ಬೇಗ ಒಳಗೆ ಕರೆಯುತ್ತಾರೆ.

ಚಿಕಿತ್ಸೆಯ ಸಂಗತಿಯನ್ನು ಯಾರ ಮುಂದೆಯೂ ಬಾಯಿ ಬಿಡಬಾರದೆಂದು ಗಿರಿಜಾ ನಮ್ಮಿಂದ ಆಣೆ ಮಾಡಿಸಿಕೊಂಡಿದ್ದಳು. ನಾವು ಬಾಯಿ ಬಿಡಲಿಲ್ಲ. ಈಚೆಗೆ ಶಿಗ್ಗಾಂವಿಯಲ್ಲಿ ನಮ್ಮ ಸಂಬಂಧಿಕರ ಮನೆಯ ಸೀಮಂತಕ್ಕೆ ಹೋಗಿದ್ದೆವು, ಪಾರವ್ವನೂ ಬಂದಿದ್ದಳು. ಹೆಂಗಸರು ಕುಳಿತು ಹೂ ಕಟ್ಟುತ್ತಿದ್ದರು. ಅವರಲ್ಲೊಬ್ಬಳು, ತನ್ನ ಮೊಮ್ಮಗನಿಗೆ ನೆಗಡಿಯಾಯಿತು, ಅಂಗಡಿಯಿಂದ ಪಾವರ್ ಗುಳಿಗೆ ತಂದು ಹಾಕಿದೆ, ಈಗ ಅವನ ಹೊಟ್ಟೆ ನಿಲ್ಲುತ್ತಿಲ್ಲ, ಅದಕ್ಕೆ ಇನ್ನೂ ಪಾವರ್ ಇದ್ದದ್ದು ತರಿಸುತ್ತೇನೆ ಎಂದಳು. ಗಿರಿಜಾ ಹೂವನ್ನು ತಟ್ಟೆಯಲ್ಲಿಟ್ಟಳು. ಹುಡುಗನನ್ನು ಇವತ್ತೇ ಡಾಕ್ಟರಿಗೆ ತೋರಿಸು, ಅಂಗಡಿಯ ಗುಳಿಗೆ ಸಾಕು ಎಂದು ಶುರುಮಾಡಿದವಳು, ತನ್ನ ಕಾಲಿನ ಗಾಯದಿಂದ ಹಿಡಿದು ಪಾರವ್ವ ಕೊಟ್ಟ ದಾನದ ತನಕ ಒಂದನ್ನೂ ಬಿಡದೆ ಎಲ್ಲರ ಮುಂದೆ ಹೇಳಿಬಿಟ್ಟಳು. ಪಾರವ್ವ ನಾಚಿ ನನ್ನ ಕಡೆ ನೋಡಿದಳು.

ಕೇಳುತ್ತಿದ್ದವರ ಕೈಗಳು ನಿಂತಿದ್ದವು. ಕೊನೆಗೆ ಹುಡುಗನ ಅಜ್ಜಿ ಮೆಲ್ಲಗೆ ಕೇಳಿದಳು, “ಗಿರಿಜಕ್ಕಾ, ನಿಮಗ ಹೇಸಿಗಿ ಅನಸಲಿಲ್ಲೇನ್ರಿ?”

“ಅನಸ್ತವ್ವ,” ಎಂದಳು ಗಿರಿಜಾ. “ಆದ್ರ ನನಗ ಇನ್ನೂ ಬದುಕಬೇಕಾಗಿತ್ತು.”

ಆ ಹೆಂಗಸು ಎದ್ದು, ಮೊಮ್ಮಗನನ್ನು ಡಾಕ್ಟರ ಹತ್ತಿರ ಕರೆದೊಯ್ಯಲು ಮನೆಗೆ ಹೋದಳು.